ಒಣಹೊಳೆ ಉಕ್ಕಿದ ದಿನ

ಮಗಳು ಶಾಲೆಯ ಎಕ್ಸ್‌ಚೇಂಜ್‌ಗೆಂದು ದಕ್ಷಿಣ ಫ್ರಾನ್ಸಿನ ಒಂದು ಪುಟ್ಟ ಊರಿಗೆ ಹೋಗಿ, ಅಲ್ಲಿನ ಒಂದು ಮನೆಯವರ ಜೊತೆ ಉಳಿದಿದ್ದಳು. ಹದಿನೈದು ವರ್ಷದವಳು, ಡಬ್ಲಿನ್‌ನಲ್ಲೇ ಹುಟ್ಟಿದವಳು. ನಮ್ಮನ್ನು ಬಿಟ್ಟು ಹೋದದ್ದು ಅದೇ ಮೊದಲು. ಫೋನಿನಲ್ಲಿ ಆ ಊರಿನ ಬಗ್ಗೆ ಹೇಳಿದ್ದೆಲ್ಲ ಒಣ ಸಂಗತಿಗಳೇ. ಸುಣ್ಣಕಲ್ಲಿನ ಬೋಳು ಗುಡ್ಡಗಳು, ತುಳಿದರೆ ಘಮ್ಮೆನ್ನುವ ಕುರುಚಲು ಗಿಡ, ಬಾಗಿಲು ಬಡಿಯುವ ಉತ್ತರದ ಗಾಳಿ, ನೀರೇ ಇಲ್ಲದ ಹೊಳೆ. ಆ ಹೊಳೆಯ ನಡುವೆ ಬಿಳಿ ಉರುಟುಕಲ್ಲುಗಳ ಮೇಲೆ ನಿಂತು ಫೋಟೋ ಕಳಿಸಿದ್ದಳು. ಇಲ್ಲಿ ಡಬ್ಲಿನ್‌ನಲ್ಲಿ ವಾರವಿಡೀ ಜಿಟಿಜಿಟಿ ಮಳೆ, ನನಗೆ ಹೊಟ್ಟೆಕಿಚ್ಚಾಗಿತ್ತು.

ಸ್ಯಾಂಟ್ರಿ ಬಡಾವಣೆಯ ನನ್ನ ಆಫೀಸಿನಲ್ಲಿ ಊಟದ ಹೊತ್ತಿಗೆ ಸುದ್ದಿ ನೋಡಿದೆ. ಅದೇ ಸೀಮೆಯಲ್ಲಿ ಬೆಳಗಿನಿಂದ ಮಳೆ, ಹೊಳೆಗಳು ಉಕ್ಕಿವೆ, ರಸ್ತೆಗಳು ಮುಚ್ಚಿವೆ. ಬೇಸಿಗೆ ಮುಗಿದ ಮೇಲೆ ಸಮುದ್ರದ ಬೆಚ್ಚನೆಯ ಗಾಳಿ ಬೆಟ್ಟಕ್ಕೆ ತಾಗಿ, ತಿಂಗಳುಗಟ್ಟಲೆ ಬಾರದ ಮಳೆ ಒಂದೇ ದಿನ ಸುರಿಯುವುದು ಅಲ್ಲಿ ಮಾಮೂಲಂತೆ. ನನಗೆ ಗೊತ್ತಿರಲಿಲ್ಲ. ಅವಳ ಫೋನ್ ಹತ್ತಲಿಲ್ಲ. ಗಂಡ ಬ್ಯೂಮಾಂಟ್ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು, ಆಪರೇಷನ್ ಥಿಯೇಟರಿನೊಳಗಿದ್ದರು.

ಮ್ಯಾಪ್ ತೆರೆದೆ. ಅವಳಿದ್ದ ಮನೆ ಗುಡ್ಡದ ತಲೆಯ ಮೇಲೆ, ಚರ್ಚಿನ ಪಕ್ಕ. ಉಸಿರು ಬಂತು. ಆದರೆ ಅದು ಶಾಲೆಯ ದಿನ. ಅಲ್ಲಿನ ಶಾಲೆ ಇದ್ದದ್ದು ಕೆಳಗೆ, ಹೊಳೆಯ ಸೇತುವೆಯ ಮಗ್ಗುಲಲ್ಲೇ. ಪಕ್ಕದ ಮೇಜಿನ ಐರಿಷ್ ಹೆಂಗಸು ನನ್ನ ಮುಖ ನೋಡಿ, ಚಹಾ ತಂದಿಟ್ಟು ಹತ್ತಿರ ಕೂತರು. ವಿಷಯ ತಿಳಿದು ಮಗಳ ಇಲ್ಲಿನ ಶಾಲೆಗೆ ಫೋನ್ ಮಾಡಿದ್ದೂ ಅವರೇ. ಶಾಲೆಯವರಿಗೂ ಅಲ್ಲಿಯ ಲೈನ್ ಸಿಗುತ್ತಿರಲಿಲ್ಲ.

ಸಂಜೆ ಹೊರಡುವ ಮುಂಚೆ ಮಗಳೇ ಕರೆ ಮಾಡಿದಳು.

"ಎಲ್ಲಿದ್ದೀಯೇ?" ಅಂದೆ.

"ಮನೇಲಿ. ವಿ ಆರ್ ಗ್ರ್ಯಾಂಡ್, ಅಮ್ಮಾ." ಚೆನ್ನಾಗಿದ್ದೇವೆ ಅನ್ನುವುದಕ್ಕೆ ಐರಿಷರ ಮಾತು ಅದು.

ಮಳೆಯ ಎಚ್ಚರಿಕೆ ಬಂದು ಹಿಂದಿನ ಸಂಜೆಯೇ ಶಾಲೆಗೆ ರಜೆ ಕೊಟ್ಟಿದ್ದರಂತೆ. ಕರೆಂಟಿಲ್ಲ, ಸಿಗ್ನಲ್ ಈಗಷ್ಟೇ ಬಂತು. ಆ ಮನೆಯ ಅಜ್ಜಿ ಮಕ್ಕಳನ್ನೆಲ್ಲ ಕೂರಿಸಿಕೊಂಡು ಚೆಸ್ಟ್‌ನಟ್ ಕಾಯಿ ಸುಲಿಸುತ್ತಿದ್ದಾರಂತೆ. ಕಿಟಕಿಯಿಂದ ನೋಡಿದರೆ ಕೆಂಪು ನೀರಿನಲ್ಲಿ ಮರಗಳೇ ತೇಲಿಹೋಗುತ್ತಿವೆಯಂತೆ. ಕಿಟಕಿ ಹತ್ತಿರ ಹೋಗಬೇಡ ಅಂದೆ. ನಕ್ಕಳು. ನಾನು ಅತ್ತೆ, ಆಮೇಲೆ ನಾನೂ ನಕ್ಕೆ.

ಗಂಡ ಥಿಯೇಟರಿನಿಂದ ಹೊರಬಂದು ನನ್ನ ಮಿಸ್ಡ್ ಕಾಲ್‌ಗಳನ್ನೆಲ್ಲ ನೋಡಿ ಗಾಬರಿಯಿಂದ ಫೋನ್ ಮಾಡಿದರು.

"ಅವಳು ಚೆನ್ನಾಗಿದ್ದಾಳೆ," ಅಂದೆ ಮೊದಲು.

"ಯಾಕೆ, ಏನಾಯ್ತು?"

ಮೊದಲಿಂದ ಹೇಳಿದೆ. ಪೂರ್ತಿ ಕೇಳಿ, ಶಾಲೆ ಮುಚ್ಚಿದ್ದರೆಂಬ ಭಾಗವನ್ನು ಇನ್ನೊಮ್ಮೆ ಹೇಳು ಅಂದರು.