ಹಳೇ ಮೋಟಾರು, ಬೀಗರ ರುಮಾಲು

ಅಕ್ಕನನ್ನು ಅಕ್ಕಲಕೋಟೆಯ ವತನದಾರರ ಮನೆಗೆ ಕೊಟ್ಟು ಎರಡು ವರ್ಷವಾಗಿತ್ತು. ಒಮ್ಮೆಯೂ ಅವಳನ್ನು ತವರಿಗೆ ಕಳಿಸಿರಲಿಲ್ಲ. ಕೇಳಲು ಹೋದಾಗಲೆಲ್ಲ ಅವಳ ಅತ್ತೆಯದು ಒಂದೇ ಮಾತು: "ನಮ್ಮ ಮನಿ ಸೊಸಿ ರೈಲಿನಾಗ ಮಂದಿ ನಡುವ ಕೂಡೂದಿಲ್ಲ, ಎತ್ತಿನ ಗಾಡಿನೂ ಹತ್ತೂದಿಲ್ಲ. ಹೋಗೂದೂ ಬರೂದೂ ತವರಿನವರ ಸ್ವಂತ ಮೋಟಾರಿನಾಗ. ಬಾಡಿಗಿದು ನಡಿಯೂದಿಲ್ರಿ." ಅವರ ಮನೆಯಲ್ಲೇ ಮೋಟಾರು ಇರಲಿಲ್ಲ. ಇದ್ದದ್ದು ರಾಶಿ ಕೆಲಸ, ಅದನ್ನು ಮಾಡಲು ನಮ್ಮ ಅಕ್ಕ.

ಅಪ್ಪ ಸೊಲ್ಲಾಪುರದ ಕೋರ್ಟಿನಲ್ಲಿ ವಕೀಲ. ಮಗಳ ನೆನಪಾದಾಗ ಅವ್ವ ಅಡಿಗೆಮನೆಯಲ್ಲಿ ಅಳುತ್ತಿದ್ದಳು, ಅಪ್ಪ ಕಾಯದೆಯ ಪುಸ್ತಕ ತೆಗೆದು ಕೂಡುತ್ತಿದ್ದ. ಕಡೆಗೆ ಊರು ಬಿಟ್ಟು ಹೊರಟಿದ್ದ ಗಿರಣಿಯ ಸಾಹೇಬನೊಬ್ಬನಿಂದ ಹಳೇ ಮೋಟಾರು ಕೊಂಡು ತಂದ. ಹೊಸದಿದ್ದಾಗ ಅದು ಹಸಿರು ಬಣ್ಣದ್ದಾಗಿತ್ತಂತೆ. ಅವ್ವ ಮುಖ ಸಿಂಡರಿಸಿದ್ದಕ್ಕೆ ಅಪ್ಪ ಕೋರ್ಟಿನಲ್ಲಿ ನಿಂತವನ ಹಾಗೆ ವಾದ ಹೂಡಿದ: "ಹೊಸಾದು ಕೊಳ್ಳಾವ ಹುಚ್ಚ. ಹಳೇದಕ್ಕ ಕಿಮ್ಮತ್ತು ಕಮ್ಮಿ, ಅದಕ್ಕ ವಿಮಾದ ಕಂತೂ ಕಮ್ಮಿ. ಓಡೂದ ಅಪರೂಪ, ಹಿಂಗಾಗಿ ಪೆಟ್ರೋಲೂ ಕಮ್ಮಿ." ಅವ್ವ ಒಲೆಯ ಕಡೆ ತಿರುಗಿದಳು. ಈ ವಾದದ ತಪ್ಪು ಎಲ್ಲಿದೆಯೆಂದು ನಾನು ಈಗಲೂ ಹುಡುಕುತ್ತಿದ್ದೇನೆ.

ವಿಮೆಯ ಏಜಂಟ ಕಂತನ್ನು ಇನ್ನಷ್ಟು ಇಳಿಸಿಕೊಟ್ಟ. ಒಂದೇ ಕರಾರು: ಮೋಟಾರು ಮನೆಯ ಉಪಯೋಗಕ್ಕೆ ಮಾತ್ರ. ಬಾಡಿಗೆಯನ್ನಾಗಲಿ, ಬಾಡಿಗೆಗೆ ಬದಲಾಗಿ ಬೇರೇನನ್ನಾಗಲಿ ತೆಗೆದುಕೊಂಡರೆ ವಿಮೆ ರದ್ದು. ಆ "ಬೇರೇನನ್ನಾಗಲಿ" ಅಪ್ಪನ ತಲೆ ಹೊಕ್ಕಿತು.

ಅಕ್ಕನನ್ನು ಕರೆತರಲು ಅಪ್ಪ, ನಾನು ಹೊರಟೆವು. ವಳಸಂಗದ ಹತ್ತಿರ ಮೋಟಾರು ನಿಂತುಬಿಟ್ಟಿತು. ಹೊಲದಲ್ಲಿ ತೆನೆ ಸುಡುತ್ತಿದ್ದ ರೈತನೊಬ್ಬ ಬಂದು ನೂಕಿದ. ಅವನನ್ನು ಅವನ ಎತ್ತು ಮೇಯುತ್ತಿದ್ದ ಮುಂದಿನ ಹಳ್ಳದ ತನಕ ಹತ್ತಿಸಿಕೊಂಡೆವು. ಇಳಿಯುವಾಗ ಅವನು ಧೋತರದ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದ ಬಿಸಿಬಿಸಿ ಸೀತನಿ, ಆಗಷ್ಟೇ ಸುಟ್ಟು ಉದುರಿಸಿದ ಹಸಿ ಜೋಳ, ನನ್ನ ಉಡಿಗೆ ಸುರಿದು ಹೋದ. ನಾನು ಒಂದು ಮುಕ್ಕು ಹಾಕಿಕೊಂಡಿದ್ದೆ. ಅಪ್ಪ ಹಿಂತಿರುಗಿ ನೋಡಿ ಕೂಗಿದ, "ಉಗುಳು! ಅದು ಬಾಡಿಗಿ!"

ಮೋಟಾರು ತಿರುಗಿಸಿ ರೈತನನ್ನು ಹುಡುಕಿ ಸೀತನಿ ವಾಪಸು ಕೊಟ್ಟ. ನಾನು ನುಂಗಿದ್ದಕ್ಕೆ ಎರಡು ಪೈಸೆಯನ್ನೂ ಕೊಡಲು ಹೋದ. ರೈತ ಸಿಟ್ಟಿಗೆದ್ದು, "ಕೂಸಿಗೆ ಕೊಟ್ಟದ್ದು ಹೊಳ್ಳಿ ತಗೊಳ್ಳಾಕ ನಾ ಏನು ಮನಷ್ಯಾ ಅಲ್ಲೇನ್ರಿ?" ಎಂದು ಎಲ್ಲವನ್ನೂ ತನ್ನ ಎತ್ತಿನ ಮುಂದೆ ಸುರಿದ. ನನಗೆ ಎತ್ತಿನ ಮೇಲೆ ಹೊಟ್ಟೆಕಿಚ್ಚಾಯಿತು.

ಬೀಗರ ಮನೆಯಲ್ಲಿ ಊಟ ಮುಗಿಯಿತು. ಅಕ್ಕ ಟ್ರಂಕಿನೊಂದಿಗೆ ಮೋಟಾರಿನಲ್ಲಿ ಕುಳಿತೂ ಆಯಿತು. ಆಗ ಅವಳ ಮಾವ ಬೀಗರಿಗೆ ಆಯೇರಿ, ಅಂದರೆ ಮರ್ಯಾದೆಯ ಉಡುಗೊರೆ, ಮಾಡಲು ತಲೆಗೆ ಸುತ್ತುವ ಜರಿಯ ರುಮಾಲನ್ನು ತಾಟಿನಲ್ಲಿಟ್ಟು ತಂದರು. ಅಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡ್ರಿ ಬೀಗರ. ನಿಮ್ಮ ಸೊಸೀನ್ನ ಮೋಟಾರಿನಾಗ ಒಯ್ಯಾಕತ್ತೀನಿ. ಈಗ ನಾ ಇದನ್ನ ತಗೊಂಡ್ರ ವಿಮಾ ಹೋಗ್ತದ."

ಆಯೇರಿ ಬೇಡವೆಂದರೆ ಸಂಬಂಧವೇ ಬೇಡವೆಂದಂತೆ. ಮಾವನ ಮುಖ ಕೆಂಪಾಯಿತು. ಅತ್ತೆ ಬಾಗಿಲಲ್ಲೇ ನಿಂತು ಆಳಿಗೆ ಹೇಳಿದರು, "ಟ್ರಂಕ ಇಳಸೋ." ಆಳು ಇಳಿಸಿದ. ಅಪ್ಪ ಕಿಸೆಯಿಂದ ವಿಮೆಯ ಕಾಗದ ತೆಗೆದು ಆ ಕರಾರನ್ನು ಇಂಗ್ಲಿಷಿನಲ್ಲಿ ಓದತೊಡಗಿದ. ಅಲ್ಲಿ ಒಬ್ಬರಿಗೂ ಇಂಗ್ಲಿಷು ಬರುತ್ತಿರಲಿಲ್ಲ. ಆಮೇಲೆ ಅದನ್ನೇ ಕೋರ್ಟಿನ ಮರಾಠಿಯಲ್ಲಿ ಹೇಳಿದ, ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಅಕ್ಕ ಸೀಟು ಬಿಟ್ಟು ಏಳಲಿಲ್ಲ. ಎರಡೂ ಕೈಯಿಂದ ಮೋಟಾರಿನ ಬಾಗಿಲು ಹಿಡಿದುಕೊಂಡು ಸಣ್ಣ ದನಿಯಲ್ಲಿ ಕೇಳಿದಳು, "ಅಪ್ಪಾ, ಒಂದು ಮೋಟಾರಿಗೆ ಇಷ್ಟೆಲ್ಲಾ ಓದೀದಿ. ನನ್ನ ಈ ಮನಿಗಿ ಕೊಡೂಮುಂದ ಏನು ಓದಿದ್ದಿ?"

ಅಪ್ಪ ಕಾಗದ ಮಡಚಿದ. ತಾನೇ ಹೋಗಿ ಮಾವನ ಮುಂದೆ ತಲೆ ಬಗ್ಗಿಸಿ ನಿಂತು ರುಮಾಲು ಸುತ್ತಿಸಿಕೊಂಡ. ಟ್ರಂಕು ಮತ್ತೆ ಮೋಟಾರು ಹತ್ತಿತು.

ದಾರಿಯುದ್ದಕ್ಕೂ, ಇನ್ನು ವಿಮೆಯಿಲ್ಲ ಎಂದು ಅಪ್ಪ ಎಷ್ಟು ನಿಧಾನ ನಡೆಸಿದನೆಂದರೆ ಕುರಿ ಹಿಂಡೊಂದು ನಮ್ಮನ್ನು ದಾಟಿ ಮುಂದೆ ಹೋಯಿತು. ಮನೆ ಮುಟ್ಟಿದಾಗ ಅವ್ವ ಅಕ್ಕನ ಅಂಗೈ ಬಿಡಿಸಿ ನೋಡಿದಳು. ಬೀಸಿ, ಕುಟ್ಟಿ ಅದು ದಡ್ಡುಗಟ್ಟಿತ್ತು. ಅಪ್ಪನೂ ನೋಡಿದ. ಅಂದು ಅವನು ರುಮಾಲು ಬಿಚ್ಚುವುದನ್ನೂ ಮರೆತು ಉಂಡ.

ಹದಿನೈದು ದಿನಕ್ಕೆ ಬೀಗರ ಮನೆಯಿಂದ ಸೊಸೆಯನ್ನು ಕಳಿಸಿರೆಂದು ಮನುಷ್ಯ ಬಂದ. ಅಪ್ಪ ಅವನಿಗೆ ಚಹಾ ಕುಡಿಸಿ ಹೇಳಿದ, "ಕಳಸಾಕ ನಾ ತಯಾರ. ಆದ್ರ ನೀವು ಕೊಟ್ಟ ಆಯೇರಿಯಿಂದ ವಿಮಾ ಸತ್ತದ. ವಿಮಾ ಇಲ್ಲದ ಮೋಟಾರಿನಾಗ ವತನದಾರರ ಸೊಸೀನ್ನ ಹೆಂಗ ಕೂಡಸ್ಲಿ? ರೈಲಂತೂ ನಿಮಗ ನಡಿಯೂದಿಲ್ಲ." ಬಂದವನು ಹೋದ. ಮತ್ತೆ ಬಂದ, ಮತ್ತೆ ಹೋದ. ನಾಲ್ಕು ತಿಂಗಳು ಹೀಗೇ ಕಳೆಯಿತು.

ಸುದ್ದಿ ಹೇಗೋ ಏಜಂಟನ ಕಿವಿಗೆ ಬಿತ್ತು. ಪಾಪ, ಗಾಬರಿಯಿಂದ ಓಡಿಬಂದ. "ವಕೀಲಸಾಹೇಬ್ರ, ಆಯೇರಿ ಅಂದ್ರ ಬಾಡಿಗಿ ಅಲ್ರಿ. ನಿಮ್ಮ ವಿಮಾ ಗಟ್ಟಿ ಅದ. ನಾಳೆನ ಅಕ್ಕಲಕೋಟಿಗಿ ಹೋಗಿ ಬರ್ರಿ."

ಒಳಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಸಪ್ಪಳ ನಿಂತಿತು.

"ಕಾಯದೆ ನನಗ ಕಲಸ್ತಿಯೇನು?" ಎಂದು ಅಪ್ಪ ಗುಡುಗಿದ. "ಸತ್ತದ ಅಂದ್ರ ಸತ್ತದ! ಎದ್ದು ನಡಿ!"

ಏಜಂಟ ಚಪ್ಪಲಿ ಮೆಟ್ಟಿ ಓಣಿಗಿಳಿದ. ಒಳಗೆ ಮತ್ತೆ ರೊಟ್ಟಿಯ ಸಪ್ಪಳ ಶುರುವಾಯಿತು.