ದೇವದಾಸನ ಕೈಕೆಳಗಿನವರು ಊಟ ಬಿಟ್ಟಿದ್ದು

ಮಲೇಷ್ಯಾದ ಕ್ಲಾಂಗ್ ಬಂದರಿನ ಒಂದು ಸಾಗಾಣಿಕೆ ಕಂಪನಿಯಲ್ಲಿ ಯಾವ ಕಂಟೈನರ್ ಯಾವ ಲಾರಿಗೆ ಏರಬೇಕು ಎಂದು ನೋಡಿಕೊಳ್ಳುವ ಸೆಕ್ಷನ್ನಿಗೆ ಪುತ್ತೂರಿನ ದೇವದಾಸ ಮುಖ್ಯಸ್ಥ. ಆ ಸೆಕ್ಷನ್ನಿನಲ್ಲಿ ಮಧ್ಯಾಹ್ನ ಯಾರೂ ಉಣ್ಣುತ್ತಿರಲಿಲ್ಲ. ಪಕ್ಕದ ಸೆಕ್ಷನ್ನಿನವರು ಮಾಮಕ್ ಅಂಗಡಿಯಲ್ಲಿ ಕೂತು ರೋಟಿ ಚನಾಯ್ ಹರಿದು ತಿನ್ನುವ ಹೊತ್ತಿಗೆ ಇವನ ಜನ ನೀರು ಕುಡಿದುಕೊಂಡು, ಹೊಟ್ಟೆ ಗುರುಗುಟ್ಟಿದರೆ ಮೇಲಿಂದ ಕೆಮ್ಮಿ ಮುಚ್ಚಿಕೊಂಡು, ಕಂಪ್ಯೂಟರ್ ನೋಡುತ್ತಿದ್ದರು. ದೇವದಾಸ ಅದನ್ನು ಶ್ರದ್ಧೆ ಎಂದು ತಿಳಿದಿದ್ದ.

ಅವನಿಗೊಂದು ನಿಯಮವಿತ್ತು. ತಾಯಿಯಿಂದ ಬಂದದ್ದು. ಆಕೆ ಮಕ್ಕಳಿಗಾಗಲಿ ಕೆಲಸದಾಳಿಗಾಗಲಿ ಉಣ್ಣಲು ಬಡಿಸದೆ ಒಂದು ಬೈಗುಳ ಬೈದವರಲ್ಲ; ಹಸಿದವರನ್ನು ಗದರಿದರೆ ಮೈಗೆ ಹತ್ತುವುದಿಲ್ಲ ಎಂಬುದು ಅವರ ಲೆಕ್ಕ. ದೇವದಾಸ ಅದನ್ನು ಮಲೇಷ್ಯಾದಲ್ಲೂ ಬಿಡಲಿಲ್ಲ. ಯಾರಾದರೂ ತಪ್ಪು ಮಾಡಿದರೆ ಹತ್ತಿರ ಹೋಗಿ, ಬಗ್ಗಿ, ಮೆತ್ತಗೆ ಕೇಳುತ್ತಿದ್ದ: ಕನ್ನಡದವರಾದರೆ "ಊಟ ಆಯ್ತಾ?", ಅಲ್ಲಿಯವರಾದರೆ "ಸುದಾ ಮಕಾನ್?" ಆಯಿತು ಎಂದವರಿಗೆ ಅಲ್ಲೇ ಬೈಗುಳ ಶುರು. ಇಲ್ಲ ಎಂದವರನ್ನು ಬಿಟ್ಟು, ಉಂಡು ಬರಲಿ ಎಂದು ಕಾಯುತ್ತಿದ್ದ. ತನ್ನಷ್ಟು ಕರುಣೆಯ ಮೇಲಧಿಕಾರಿ ಇಡೀ ಬಂದರಿನಲ್ಲಿ ಇಲ್ಲ ಎಂದು ನಂಬಿದ್ದ.

ಹೀಗಿರಲು ದೊಡ್ಡ ಮ್ಯಾನೇಜರ್ ಮೇಡಂ ಲಿಮ್ ಅವನನ್ನು ಕರೆಸಿದರು.

"ದೇವಾ, ನಿನ್ನ ಸೆಕ್ಷನ್ ಬೇಡ ಅಂತ ಮೂರು ಜನ ಕೇಳಿದ್ದಾರೆ. ನೀನು ಹೇಗಿದ್ದೀಯ ಅಂತ ನಿನಗೇ ಗೊತ್ತಿಲ್ಲ ಲಾ. ತಿಂಗಳೊಳಗೆ ತಿಳ್ಕೋ. ಇಲ್ಲದಿದ್ದರೆ ಹಳೇ ಗೋಡೌನ್ ನೋಡಿಕೋ. ಅಲ್ಲಿ ಕೈಕೆಳಗೆ ಯಾರೂ ಇರೋದಿಲ್ಲ."

ಸಂಬಳ ಕಡಿಮೆಯಾಗುತ್ತಿರಲಿಲ್ಲ. ಆದರೆ ಬೆಳಿಗ್ಗೆ ಬಂದರೆ ಎದ್ದು ನಿಲ್ಲಲು ಒಬ್ಬನಿಲ್ಲ, ಕೇಳಲು ಒಬ್ಬನಿಲ್ಲ, ಬೈಯಲು ಒಬ್ಬನಿಲ್ಲದ ಗೋಡೌನ್ ಯಾವ ಸಂಬಳಕ್ಕೂ ಬೇಡ ಎನಿಸಿತು ದೇವದಾಸನಿಗೆ.

ಕಂಪನಿ ಅವನನ್ನು ಪುತ್ರಜಯಾಕ್ಕೆ ತರಬೇತಿಗೆ ಕಳಿಸಿತು. ಅಲ್ಲಿಯ ಮೇಷ್ಟ್ರು ಒಂದೇ ಮಾತು ಕಲಿಸಿದರು: ನೀವು ಹತ್ತಿರ ಹೋದಾಗ ಎದುರಿನವರ ಮುಖ ಏನಾಗುತ್ತದೆ ನೋಡಿ, ನೀವು ಯಾರೆಂದು ತಿಳಿಯುತ್ತದೆ.

ದೇವದಾಸ ಮರುದಿನವೇ ನೋಡಿದ. ಲಾರಿಗಳ ಹೊಣೆಯ ಹಫೀಝ್ ಬಾಯಿ ತುಂಬ ನಾಸಿ ಲೆಮಾಕ್ ಇಟ್ಟುಕೊಂಡಿದ್ದವನು ಇವನನ್ನು ಕಂಡದ್ದೇ ಪೊಟ್ಟಣವನ್ನು ಡ್ರಾಯರಿಗೆ ತಳ್ಳಿ, ಇದ್ದದ್ದನ್ನು ಅಗಿಯದೆ ನುಂಗಿ, "ಬೆಲುಂ ಬಾಸ್, ಇನ್ನೂ ತಿಂದಿಲ್ಲ" ಎಂದ. ಕೇಳುವ ಮೊದಲೇ. ಮೀಸೆಯಲ್ಲಿ ಅನ್ನದ ಅಗುಳಿತ್ತು.

ಪಾಪ, ಹಸಿವು ಎಂದುಕೊಂಡ ದೇವದಾಸ. ತಾನು ಯಾರೆಂದು ಅವನಿಗೆ ತಿಳಿದುಹೋಯಿತು: ಜನರನ್ನು ಹಸಿವಿನಲ್ಲಿ ದುಡಿಸುವವ.

ಹೆಂಡತಿ ವೇದಾಳಿಗೆ ಹೇಳಿ ದೊಡ್ಡ ಪಾತ್ರೆ ತುಂಬ ಚಿತ್ರಾನ್ನ ಮಾಡಿಸಿ, ಮಧ್ಯಾಹ್ನ ಸೆಕ್ಷನ್ನಿನ ನಡುವೆ ಇಟ್ಟ.

"ಎಲ್ಲರೂ ತಿನ್ನಿ. ನನ್ನ ಕಣ್ಣೆದುರೇ ತಿನ್ನಬೇಕು."

ಸೆಕ್ಷನ್ ಬಿಳಿಚಿಕೊಂಡಿತು. ಒಬ್ಬೊಬ್ಬರಿಗಲ್ಲ, ಇವತ್ತು ಎಲ್ಲರಿಗೂ ಒಟ್ಟಿಗೇ ಕಾದಿದೆ! ಕಲಬುರಗಿಯ ಶರಣ್ ಎದ್ದು ನಿಂತು, "ಇವತ್ತ ಏಕಾದಶಿ ಅದರೀ ಸರ್" ಎಂದ. ಹಫೀಝ್ ಉಪವಾಸ ಎಂದ.

"ರಂಜಾನ್ ಮುಗಿದು ತಿಂಗಳಾಯ್ತಲ್ಲ ಮಾರಾಯ?"

"ನಡುವೆ ಬಿಟ್ಟದ್ದು ಬಾಕಿ ಇತ್ತು ಬಾಸ್, ತೀರಿಸ್ತಿದ್ದೇನೆ."

ಬಿಲ್ಲು ಮಾಡುವ ಚೀನೀ ಹುಡುಗಿ ಮೇ ಲಿನ್ ಅತ್ತ ಇತ್ತ ನೋಡಿ ತನಗೂ ಏಕಾದಶಿ ಎಂದಳು.

ಪಾತ್ರೆ ತುಂಬಿದ್ದು ತುಂಬಿದಂತೆಯೇ ಮನೆಗೆ ಮರಳಿತು. ವೇದಾ ಮುಚ್ಚಳ ತೆಗೆದು ನೋಡಿದಳು.

"ನೀವು ಎಂತ ಹೇಳಿ ಕೊಟ್ರಿ?"

"ತಿನ್ನಿ ಅಂದೆ."

"ಸರಿ ಹೋಯ್ತು! ಅಲ್ಲ ಮಾರಾಯ್ರೆ, ನಮ್ಮ ಅಕ್ಷಯಾ ರಿಸಲ್ಟ್ ಬಂದ ದಿನ ಎಂತಕ್ಕೆ ಊಟ ಬಿಡ್ತಾಳೆ?"

"ದೇವರ ಮೇಲೆ ಭಕ್ತಿ."

"ಭಕ್ತಿ ಅಂತೆ! ರೂಮಲ್ಲಿ ಬಿಸ್ಕಿಟ್ ತಿಂತಾಳೆ. ಊಟ ಆಯ್ತು ಅಂದ್ರೆ ನೀವು ಶುರು ಮಾಡ್ತೀರಿ ಅಂತ ಹೆದರಿಕೆ."

ಒಳಗಿನಿಂದ ಮಗಳು ಕೂಗಿದಳು: "ಅಮ್ಮಾ! ಡೋಂಟ್ ಟೆಲ್ ಹಿಮ್ ಲಾ!"

ದೇವದಾಸ ಗೋಡೆಯ ಕ್ಯಾಲೆಂಡರ್ ನೋಡಿದ. ಮೇಡಂ ಲಿಮ್ ಕೊಟ್ಟ ತಿಂಗಳು ನಾಳೆಗೆ ಮುಗಿಯುತ್ತಿತ್ತು.

ಮರುದಿನ ಅವನು ಡಬ್ಬಿಯ ಚಪಾತಿ ತಿಂದು ಮುಗಿಸಿ, ಸೆಕ್ಷನ್ನಿನಲ್ಲೇ ಹಳಬಳಾದ ಭದ್ರಾವತಿಯ ಸಾಲೆಹಾಳ ಮುಂದೆ ನಿಂತ.

"ಸಾಲೆಹಾ, ನನ್ನಲ್ಲಿ ಏನು ತಪ್ಪುಂಟು? ಮುಚ್ಚುಮರೆ ಬೇಡ, ಹೇಳಿ."

ಆಕೆ ಕುರ್ಚಿ ತಿರುಗಿಸಿ ಅವನನ್ನೇ ನೋಡಿದಳು. ಆಮೇಲೆ ಮೆತ್ತಗೆ ಕೇಳಿದಳು:

"ಸರ್, ನಿಮ್ಮದು ಊಟ ಆಯ್ತಾ?"

"ಇಲ್ಲ" ಎಂದ ದೇವದಾಸ.

ಬಾಯಿಂದ ಅದು ತಾನಾಗಿ ಬಿದ್ದಿತ್ತು. ಹಲ್ಲಿನ ಸಂದಿಯಲ್ಲಿ ಚಪಾತಿ ಇನ್ನೂ ಇತ್ತು. ಓಡಿಹೋಗೋಣ ಎಂದು ಕಾಲು ಹೇಳುತ್ತಿತ್ತು. ತನ್ನ ಕರುಣೆ ಎದುರಿನವರಿಗೆ ಹೇಗಿರುತ್ತದೆ ಎಂದು ಅವನಿಗೆ ಹೊಟ್ಟೆಯೊಳಗಿಂದ ಗೊತ್ತಾಯಿತು.

"ಸುಳ್ಳು ಹೇಳಿದೆ. ಆಯ್ತು ಊಟ. ಹೇಳಿ" ಎಂದು ಕೂತ.

ಸಾಲೆಹಾ ಹೇಳಿದಳು. ಯಾರ ಮಾತನ್ನೂ ಅವನು ಮುಗಿಯಲು ಬಿಡುವುದಿಲ್ಲ. ತಪ್ಪು ಹೇಳಿ ಸುಮ್ಮನಾಗುವುದಿಲ್ಲ, ಹೋದ ವರ್ಷದ್ದನ್ನೂ ಎಳೆದು ತರುತ್ತಾನೆ. ನಡುವೆ ದೇವದಾಸ "ಅಲ್ಲ, ಅದು..." ಎಂದು ಬಾಯಿ ತೆರೆದ. ತೆರೆದ ಬಾಯಿಗೆ ಶರಣ್ ಒಂದು ವಡೆ ಇಟ್ಟ.

"ಮುಂದಿಂದು ನಂದು ರೀ ಸರ್. ಹಸಿದವರಿಗೆ ನಾನೂ ಬೈಯಂಗಿಲ್ಲ."

ಅಲ್ಲಿಂದ ಸಾಲು ಬೆಳೆಯಿತು. ಮೇ ಲಿನ್ ಹಸಿರು ಕುಯಿ ಸಿಹಿ ತಂದು ತಿನ್ನಿಸಿ, ತನ್ನ ಹೆಸರನ್ನು ಅವನು ಒಂದು ದಿನವೂ ಸರಿಯಾಗಿ ಕರೆದಿಲ್ಲ ಎಂದಳು. ಹಫೀಝ್ ಡ್ರಾಯರಿನಿಂದ ಪೊಟ್ಟಣ ತೆಗೆದು ಅರ್ಧ ಅವನಿಗೆ ಕೊಟ್ಟು, ಅರ್ಧ ತಾನು ತಿನ್ನುತ್ತಲೇ ಬೈದ. ಬೈಯುವವರು ಬೈಯುತ್ತಿದ್ದರು, ಸರದಿ ಕಾಯುವವರು ಉಣ್ಣುತ್ತಿದ್ದರು. ವರ್ಷಗಳಿಂದ ಆ ಸೆಕ್ಷನ್ನಿನಲ್ಲಿ ಅಷ್ಟು ಊಟ ನಡೆದಿರಲಿಲ್ಲ.

ಮೇಡಂ ಲಿಮ್ ಬಾಗಿಲು ತೆರೆದಾಗ ದೇವದಾಸನ ಕಣ್ಣಲ್ಲಿ ನೀರಿತ್ತು. ಸಂಬಾಲ್ ಖಾರಕ್ಕೋ, ಮಾತಿಗೋ.

"ಈ ಸೆಕ್ಷನ್ ಬೇಡ ಅಂದಿರಲ್ಲ, ಮೂರು ಜನ? ಬನ್ನಿ, ಬೇರೆ ಕಡೆ ಹಾಕ್ತೇನೆ. ದೇವಾ ಗೋಡೌನಿಗೆ."

ಶರಣ್, ಹಫೀಝ್, ಮೇ ಲಿನ್ ಮುಖ ಮುಖ ನೋಡಿಕೊಂಡರು.

"ಇವತ್ತು ಆಗೋದಿಲ್ಲ ಮೇಡಂ," ಎಂದ ಹಫೀಝ್, "ನಂದು ಇನ್ನೂ ಅರ್ಧ ಬಾಕಿ ಇದೆ. ಇವರು ಗೋಡೌನಿಗೆ ಹೋದರೆ ನಾನು ಯಾರಿಗೆ ಹೇಳಲಿ?"

"ನಂದು ಬರೇ ಪೀಠಿಕೆ ಆಗ್ಯದ," ಎಂದ ಶರಣ್. ಮೇ ಲಿನ್ ಹೌದೆಂದು ತಲೆಯಾಡಿಸಿದಳು.

ಮೇಡಂ ಲಿಮ್ ಒಳಗೆ ಬಂದರು. "ಎಲ್ಲ ಹೇಳಿ ಮುಗಿಯೋಕೆ ಎಷ್ಟು ದಿನ ಬೇಕು?"

"ಅವಸರ ಮಾಡದೆ ಹೇಳಿದರೆ ಒಂದು ವರ್ಷ," ಎಂದಳು ಸಾಲೆಹಾ.

"ಹಾಗಾದರೆ ಅಲ್ಲೀವರೆಗೆ ಇಲ್ಲೇ ಇರಲಿ," ಎಂದು ಮೇಡಂ ಒಂದು ಕುಯಿ ಎತ್ತಿಕೊಂಡು ಹೊರಟರು.

ದೇವದಾಸನಿಗೆ ಜೀವ ಬಂದಂತಾಯಿತು. ಬೆಲ್ಟನ್ನು ಒಂದು ತೂತು ಸಡಿಲಿಸಿ, ನೆಟ್ಟಗೆ ಕೂತು, "ಯಾರು ಮುಂದಿನವರು?" ಎಂದು ಕೇಳಿ, ಉತ್ತರ ಬರುವ ತನಕ ಬಾಯಿ ಮುಚ್ಚಿಕೊಂಡೇ ಇದ್ದ.