ನನ್ನ ಪರ್ವತಕ್ಕೆ ಅಪ್ಪ ಎಳೆದ ಕವಲು

ನನ್ನ ಕಾದಂಬರಿಯ ಕಲ್ಪಿತ ಲೋಕಕ್ಕೆ ಒಂದು ಪರ್ವತಶ್ರೇಣಿ ಸೃಷ್ಟಿಸಿದೆ: ಏಳು ಶಿಖರ, ಒಂದೇ ಘಟ್ಟದ ದಾರಿ, ಸಾವಿರ ವರ್ಷಗಳ ಯುದ್ಧ. ಯಾರೂ ತಪ್ಪು ಹುಡುಕಲಾರರೆಂದು ಮಲ್ಕಾಜ್‌ಗಿರಿಯ ಮನೆಯಲ್ಲಿ ನಕ್ಷೆಯನ್ನು ಅಪ್ಪನ ಮುಂದೆ ಹರವಿದೆ. ಘಾಟಿಯಲ್ಲಿ ಗೂಡ್ಸ್ ಗಾಡಿ ಓಡಿಸಿ ನಿವೃತ್ತರಾದ ಅಪ್ಪ ಶಿಖರಗಳನ್ನು ನೋಡಲೇ ಇಲ್ಲ. ಬೆರಳು ಇಳಿಜಾರಿನ ಮೇಲೆ ನಿಂತಿತು.

“ಬ್ರೇಕ್ ಫೇಲಾದ್ರ ಗಾಡಿ ಎಲ್ಲಿ ಹೋಗ್ಬೇಕವ್ವಾ?”

“ಅಪ್ಪಾ, ಅಲ್ಲಿ ರೈಲಿಲ್ಲ. ಬರೇ ಎತ್ತಿನ ಬಂಡಿ ಅದಾವು.”

“ಬಂಡಿ ಉರುಳೂದಿಲ್ಲೇನು?”

ಪೆನ್ಸಿಲ್ ತೆಗೆದುಕೊಂಡು, ದಾರಿಯ ಪಕ್ಕದಿಂದ ಗುಡ್ಡ ಹತ್ತಿ ಅಲ್ಲೇ ಮುಗಿಯುವ ಒಂದು ಕವಲು ಎಳೆದರು. ಹಿಡಿತ ತಪ್ಪಿದ ಬಂಡಿ ಆ ಏರಿನಲ್ಲಿ ತಾನೇ ನಿಲ್ಲುತ್ತದಂತೆ.

ಆ ಲೋಕದ ಇತಿಹಾಸವನ್ನು ಮತ್ತೆ ಬರೆದೆ. ಈಗ ನನ್ನ ರಾಜರ ಕೋಟೆಗಳೆಲ್ಲ ಬಿದ್ದುಹೋಗಿವೆ. ಎಲ್ಲಿಗೂ ಹೋಗದ ಆ ಕವಲುದಾರಿಯನ್ನು ಮಾತ್ರ ಜನ ಪ್ರತಿ ಮಳೆಗಾಲದ ನಂತರ ದುರಸ್ತಿ ಮಾಡುತ್ತಾರೆ.